ಕರ್ಚಿಕಾಯಿಯ ದೋಣಿ

ಸಂಜೀವ ಸುಳ್ಳು ಹೇಳುವ ಪೈಕಿ ಅಲ್ಲ. ಬೆಳಗಾವಿಯವನಾದ್ದರಿಂದ, ಅಲ್ಲಿಯ ರೂಢಿಯಂತೆ, ಕುವೈತಿನ ರಿಗ್ಗೈನಲ್ಲೂ ದೀಪಾವಳಿಗೆ ಬಾಲ್ಕನಿಯಲ್ಲಿ ಮಣ್ಣಿನ ಕಿಲ್ಲಾ ಕಟ್ಟುತ್ತಿದ್ದ. ಆ ವರ್ಷ ಮಗಳು ಸಾಕ್ಷಿ, ಶಾಲೆಯಲ್ಲಿ ಓದಿದ್ದ ಸ್ಪೇನಿನವರ ಕೋಟೆಯೇ ಬೇಕೆಂದು ಹಟ ಹಿಡಿದಳು. ಅಮೆರಿಕದ ಗಡಿಯಲ್ಲಿ, ನದಿ ದಂಡೆಯ ಮೇಲೆ, ದವಸದ ದೋಣಿಗೆ ಕಾದು ಕಾದು ಸಿಪಾಯಿಗಳು ಹಸಿದು ಸತ್ತ ಕೋಟೆಯಂತೆ ಅದು.

ನೀಲಿ ಕಾಗದವೇ ನದಿ. "ದೇ ಆರ್ ಹಂಗ್ರಿ, ಪಪ್ಪಾ," ಎಂದು ಅವಳು ಕಾಗದದ ದೋಣಿಯಲ್ಲಿ ಕರ್ಚಿಕಾಯಿ ಇಟ್ಟು ಕೋಟೆಯ ಬಾಗಿಲಿಗೆ ತಳ್ಳಿದಳು.

ದೀಪ ಹಚ್ಚುವ ಹೊತ್ತಿಗೆ ಬಾಲ್ಕನಿ ತಣ್ಣಗಾಯಿತು. ಕೋಟೆಯೊಳಗೆ ಸಣ್ಣಗೆ ಚಪ್ಪಾಳೆ, ನಗು, ಹಾಡು. ಸಾಕ್ಷಿ ಕುಣಿದೇ ಕುಣಿದಳು. "ಯಾರವ್ವಾ ಒಳಗ?" ಎಂದು ಮಗಳನ್ನು ಕೇಳುತ್ತಲೇ ಸಂಜೀವನೂ ಕಾಲಿನಿಂದ ತಾಳ ಹಾಕಿದ.

ಬೆಳಿಗ್ಗೆ ದೋಣಿ ಈಚೆ ದಂಡೆಗೆ ಮರಳಿತ್ತು. ಕರ್ಚಿಕಾಯಿ ಇರಲಿಲ್ಲ. ಕೊಟ್ಟವರ ಪಾತ್ರೆಯನ್ನು ಬರಿದಾಗಿ ಕಳಿಸಬಾರದಲ್ಲ! ಬೆರಳುದ್ದದ ಮೀನೊಂದು ದೋಣಿಯಲ್ಲಿ ಇನ್ನೂ ಒದ್ದಾಡುತ್ತಿತ್ತು.