ಬಾಗಿಲಾಚೆಯ ಅರಬ್ಬಿ

ಅವರು ಮೊದಲ ಸಲ ನಮ್ಮ ಅಂಗಡಿಗೆ ಬಂದಾಗ ಕೈಯಲ್ಲಿ ಒಂದು ಪುಸ್ತಕದ ಅವಶೇಷವಿತ್ತು. ರಟ್ಟು ಒಂದು ಕಡೆ, ಹಾಳೆ ಒಂದು ಕಡೆ, ಅಂಚಿಗೆಲ್ಲ ಕಪ್ಪು ಗ್ರೀಸು.

"ಲಿಫ್ಟಿನ ಗುಂಡಿಗೆ ಬಿದ್ದುಬಿಡ್ತು," ಅಂದರು. "ಬದುಕುತ್ತಾ?"

ನನ್ನ ಸೋದರಮಾವ ಕನ್ನಡಕ ಏರಿಸಿ ನೋಡಿದರು. "ಇದಕ್ಕಿಂತ ಕೆಟ್ಟದ್ದನ್ನ ಉಳಿಸಿದೀನಿ ಬಿಡಿ. ನಾಳೆ ಬನ್ನಿ."

"ಅವರ ನಾಳೆ ಅಂದ್ರೆ ಮುಂದಿನ ವಾರ," ಅಂತ ಒಳಗಿನಿಂದ ಅತ್ತೆ ಕೂಗಿದರು.

ಅವರು ನಕ್ಕರು. ನಗುತ್ತಲೇ, ಜೊತೆಗೆ ಯಾರ್ಯಾರು ನಗುತ್ತಿದ್ದಾರೆ ಅಂತ ಅಂಗಡಿಯನ್ನೆಲ್ಲ ಒಂದು ಸುತ್ತು ನೋಡಿದರು. ಆ ನೋಟ ಹಾಳೆಗಳ ರಾಶಿಯ ಹಿಂದೆ ಕೂತಿದ್ದ ನನ್ನ ತನಕ ಬಂತು. ನಾನೊಬ್ಬಳು ನಗುತ್ತಿರಲಿಲ್ಲ. ನೋಟ ಅಲ್ಲೇ ನಿಂತಿತು. ನಾನು ಸೂಜಿಗೆ ದಾರ ಪೋಣಿಸುವವಳ ಹಾಗೆ ತಲೆ ತಗ್ಗಿಸಿದೆ. ದಾರ ಆಗಲೇ ಸೂಜಿಯಲ್ಲಿತ್ತು.

ನಮ್ಮದು ಬೈಂಡಿಂಗ್ ಅಂಗಡಿ. ಮಾವ ರಟ್ಟು ಕತ್ತರಿಸುತ್ತಾರೆ, ಅತ್ತೆ ಅಂಟು ಹಚ್ಚುತ್ತಾರೆ, ನಾನು ಹೊಲಿಯುತ್ತೇನೆ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಇಲ್ಲಿ ಬಂದು ಕೂತವಳು ನಾನು. ಶಾಲೆ ಬಿಟ್ಟರೂ ಓದು ಬಿಡಲಿಲ್ಲ. ಹೊಲಿಗೆಗೆ ಬಂದ ಪುಸ್ತಕ ಕೈಯಲ್ಲಿರುವಷ್ಟು ಹೊತ್ತು ಓದುತ್ತೇನೆ. ಹಾಗಾಗಿ ಕಾನೂನು, ಜೇನು ಸಾಕಣೆ, ಹಲ್ಲಿನ ರೋಗ, ಎಲ್ಲವೂ ನನಗೆ ಅರ್ಧರ್ಧ ಗೊತ್ತು. ಮಾತು ಮಾತ್ರ ಬರುವುದಿಲ್ಲ. ಎದುರಿಗೆ ಗಿರಾಕಿ ನಿಂತರೆ ಬಾಯಿಗೆ ಬೀಗ ಬೀಳುತ್ತದೆ. ಅತ್ತೆ ನನಗಿಟ್ಟ ಹೆಸರು ಮೌನಗೌರಿ.

ಗ್ರೀಸಾದ ಪುಸ್ತಕವನ್ನು ಬಿಚ್ಚುತ್ತ ಓದಿದೆ. ಮನೆಯಲ್ಲೇ ಕೂತು ಅರಬ್ಬಿ ಮಾತಾಡುವುದನ್ನು ಕಲಿಯುವ ಪುಸ್ತಕ ಅದು. ಓದುವ ಅರಬ್ಬಿ ಬೇರೆ, ಕೊಲ್ಲಿ ದೇಶಗಳ ಬೀದಿಯಲ್ಲಿ ಜನ ಆಡುವ ಅರಬ್ಬಿ ಬೇರೆ, ಇದು ಬೀದಿಯದು ಅಂತ ಮುನ್ನುಡಿಯಲ್ಲಿತ್ತು. ಮಾತೆಲ್ಲ ಕನ್ನಡ ಅಕ್ಷರದಲ್ಲೇ. ಪ್ರತಿ ಪಾಠದಲ್ಲೂ ಇಬ್ಬರು ಮಾತಾಡುತ್ತಾರೆ. ಒಬ್ಬ ದಾರಿ ಕೇಳುತ್ತಾನೆ, ಇನ್ನೊಬ್ಬ ಹೇಳುತ್ತಾನೆ. ಒಬ್ಬಳಿಗೆ ತಲೆನೋವು, ಇನ್ನೊಬ್ಬರು ವೈದ್ಯರು. ಯಾರೂ ಯಾರನ್ನೂ ಉತ್ತರವಿಲ್ಲದೆ ಬಿಡುವುದಿಲ್ಲ. ನನಗೆ ಅದು ಬಹಳ ಹಿಡಿಸಿತು.

ಬೇಕೆಂದೇ ಪುಸ್ತಕವನ್ನು ನಿಧಾನವಾಗಿ ಹೊಲಿದೆ.

ಮುಂದಿನ ವಾರ ಅವರು ಬಂದಾಗ ಮಾವ ರಟ್ಟು ತರಲು ಹೋಗಿದ್ದರು. ಬಾಗಿಲಲ್ಲಿ ನಿಂತು, ಯಾರೂ ಕಾಣದ್ದಕ್ಕೆ ತಮಾಷೆಗೆ, ಗೋಡೆಗೆ ಹೇಳುವವರ ಹಾಗೆ ಅಂದರು:

"ವೇನ್ ಅಲ್ಕಿತಾಬ್?"

ಪುಸ್ತಕ ಎಲ್ಲಿ?

"ಮೌಜೂದ್," ಅಂದುಬಿಟ್ಟೆ. ಇದೆ.

ಹೇಳಿದ ಮೇಲೆ ನನಗೇ ಗಾಬರಿ. ಅವರು ರಾಶಿಯ ಮೇಲಿಂದ ಬಗ್ಗಿ ನೋಡಿದರು. ಒಂದು ಹುಬ್ಬು ಮೇಲೇರಿತ್ತು, ಇನ್ನೊಂದಕ್ಕೆ ಇನ್ನೂ ನಂಬಿಕೆ ಬಂದಿರಲಿಲ್ಲ.

"ನಿಮಗೆ ಅರಬ್ಬಿ ಬರುತ್ತಾ?"

"ಇಲ್ಲ."

"ಮತ್ತೆ ಈಗ ಮಾತಾಡಿದ್ದು ಯಾರು, ಗೋಂದಿನ ಡಬ್ಬನಾ?"

ಒಳಗೆ ಅತ್ತೆ ಕಿಸಕ್ಕನೆ ನಕ್ಕರು. ಹಾಗೆ ಶುರುವಾಯಿತು.

ಎದುರು ಕಟ್ಟಡದಲ್ಲಿ ಒಂದು ಹಳೇ ಲಿಫ್ಟಿತ್ತು. ಅದು ಕೆಟ್ಟಾಗೆಲ್ಲ ರಿಪೇರಿಗೆ ಅವರೇ ಬರಬೇಕು. ಬಂದಾಗ ಮಧ್ಯಾಹ್ನದ ಬಿಡುವಿನಲ್ಲಿ ನಮ್ಮ ಅಂಗಡಿಯ ಸ್ಟೂಲು ಎಳೆದುಕೊಂಡು ಕೂರುತ್ತಿದ್ದರು. ಪುಸ್ತಕದಲ್ಲಿ ಒಬ್ಬರ ಮಾತು ಅವರದು, ಇನ್ನೊಬ್ಬರದು ನನ್ನದು. ಲಿಫ್ಟು ಕೆಡದೆ ಇದ್ದ ವಾರ ನನ್ನದು ಕಾಲು ಸುಟ್ಟ ಬೆಕ್ಕಿನ ಗತಿ. ಎದ್ದು ಬಾಗಿಲಿಗೆ ಹೋಗುವುದು, ಬರುವುದು, ಹೊಲಿದದ್ದನ್ನೇ ಬಿಚ್ಚಿ ಹೊಲಿಯುವುದು.

"ಆ ಲಿಫ್ಟನ್ನ ರಿಪೇರಿ ಮಾಡ್ತಾರೋ ಕೆಡಿಸಿ ಹೋಗ್ತಾರೋ," ಅಂದರು ಅತ್ತೆ.

"ಹಳೇ ಮಾಲು ಅತ್ತೆಮ್ಮ, ಪದೇ ಪದೇ ವಿಚಾರಿಸಿಕೊಳ್ಳಬೇಕು," ಅಂದರು ಅವರು, ನನ್ನ ಕಡೆ ನೋಡದೆ. ನೋಡದೆ ಇರುವುದಕ್ಕೆ ಅವರು ಪಡುತ್ತಿದ್ದ ಕಷ್ಟ ನನಗೆ ಕಾಣುತ್ತಿತ್ತು.

ಪಾಠದ ಮಾತು ನನ್ನದಲ್ಲವಲ್ಲ, ಅದಕ್ಕೇ ಧೈರ್ಯ ಬರುತ್ತಿತ್ತು. ಸಂತೆಯ ಪಾಠದಲ್ಲಿ "ಗಾಲಿ! ಗಾಲಿ!", ದುಬಾರಿ ದುಬಾರಿ, ಅಂತ ಮೇಜು ಕುಟ್ಟಿದೆ. ಅವರು ಕೊಡದ ಟೊಮೇಟೊಗೆ ಜಗಳವಾಡಿದೆ. ಆದರೆ ಪುಸ್ತಕ ಮುಚ್ಚಿ ಸ್ವಂತ ಉತ್ತರ ಹೇಳಬೇಕಾದಾಗ ನನಗೆ ತಡವಾಗುತ್ತಿತ್ತು. ಬೇರೆಯವರಾಗಿದ್ದರೆ ಉತ್ತರವನ್ನು ತಾವೇ ಹೇಳಿ ಮುಗಿಸುತ್ತಿದ್ದರು. ನನ್ನ ಜೀವನವಿಡೀ ಜನ ಹಾಗೇ ಮಾಡಿದ್ದಾರೆ. ಇವರು ಕಾಯುತ್ತಿದ್ದರು. ನನ್ನ ಮುಖ ನೋಡಿದರೆ ನನಗೆ ಮಾತು ಇನ್ನೂ ಹಿಂದೆ ಸರಿಯುತ್ತದೆ ಅಂತ ಗೊತ್ತಾಗಿ, ನನ್ನ ಬೆರಳುಗಳನ್ನು ನೋಡುತ್ತ ಕಾಯುವುದನ್ನು ಕಲಿತರು. ಆಮೇಲೆ ಬೆರಳುಗಳಿಗೇ ನಾಚಿಕೆ ಶುರುವಾಯಿತು.

"ಅರಬ್ಬಿ ಕಲಿತು ಕೊಲ್ಲಿ ದೇಶಕ್ಕೆ ಯಾಕೆ ಹೋಗಬೇಕು?" ಅಂತ ಒಂದು ದಿನ ಕೇಳಿದೆ.

"ಇಲ್ಲಿ ನಾನು ನೋಡಿರೋದೆಲ್ಲ ನಾಲ್ಕು ಮಹಡಿ ಲಿಫ್ಟು. ಅಲ್ಲಿ ಕಟ್ಟಡ ಮೋಡಕ್ಕೆ ತಾಗುತ್ತಂತೆ. ಅಂಥ ಲಿಫ್ಟಿನ ಹೊಟ್ಟೆ ಒಂದು ಸಲ ಬಿಚ್ಚಿ ನೋಡಬೇಕು." ಹೇಳುವಾಗ ಅವರ ಕಣ್ಣು ಮಾಡಿನ ಕಡೆಗಿತ್ತು. ಅಷ್ಟು ಆಸೆ ತುಂಬಿದ ಕಣ್ಣಿಗೆ ಬೇಡ ಅನ್ನಲು ನಾನ್ಯಾರು?

ಅಲ್ಲಿಂದ ಕೆಲಸದ ಕರೆ ಬಂತು. ಕೊನೆಯ ಪರೀಕ್ಷೆ ಫೋನಿನಲ್ಲಿ. ಲಿಫ್ಟಿನೊಳಗೆ ಸಿಕ್ಕಿಕೊಂಡವರ ಹಾಗೆ ಒಬ್ಬರು ಅರಬ್ಬಿಯಲ್ಲಿ ಮಾತಾಡುತ್ತಾರೆ, ಇವರು ಅವರನ್ನು ಸಮಾಧಾನ ಮಾಡಬೇಕು. ನಮ್ಮ ಪುಸ್ತಕದಲ್ಲಿ ಅಂಥ ಪಾಠ ಇರಲಿಲ್ಲ. ವೈದ್ಯರ ಪಾಠದಿಂದ ಒಂದಿಷ್ಟು, ದಾರಿ ಕೇಳುವ ಪಾಠದಿಂದ ಒಂದಿಷ್ಟು ಮಾತು ಕಿತ್ತು ನಾವೇ ಜೋಡಿಸಿದೆವು.

"ಸ್ಟೂಲಿನ ಮೇಲೆ ಕೂತು ಇದು ಬರಲ್ಲ," ಅಂದರು ಅವರು. "ಲಿಫ್ಟಲ್ಲೇ ಮಾಡೋಣ. ಹೆದರಿಕೆ ಆಗುತ್ತಾ?"

"ಹೆದರಿಕೆ ಆಗಲಿ ಅಂತಲ್ವಾ?" ಅಂದೆ.

ಅತ್ತೆ ಮೆಟ್ಟಿಲ ಮೇಲೆ ಕಾವಲು ಕೂತರು. ಕೆಳಗಿನ ಮಹಡಿಯಲ್ಲೇ ಲಿಫ್ಟು ನಿಲ್ಲಿಸಿ, ಅವರು ನನ್ನನ್ನು ಒಳಗೆ ಬಿಟ್ಟು ಬಾಗಿಲು ಎಳೆದರು. ಬಾಗಿಲಲ್ಲಿ ಅಂಗೈಯಗಲದ ಗಾಜು. ಅದರಾಚೆ ಅವರ ಒಂದು ಕಿವಿ, ಸ್ವಲ್ಪ ಕೆನ್ನೆ.

"ಲಾ ತಖಾಫೀನ್," ಅಂದರು. ಹೆದರಬೇಡಿ.

ನಾನು ಅಳಬೇಕಿತ್ತು, ಕೂಗಬೇಕಿತ್ತು. ಏನೂ ಮಾಡಲಿಲ್ಲ. ಆ ಪೆಟ್ಟಿಗೆಯೊಳಗೆ ನಿಂತಾಗ, ಈ ಮಾತು ಕೇಳುವ ಮುಂದಿನ ಹೆಂಗಸು ಯಾರೋ, ಯಾವ ಮೋಡದ ಎತ್ತರದಲ್ಲೋ ಅಂತ ಹೊಳೆಯಿತು. ಹೊರಗಿನ ದನಿ ಅವಸರ ಮಾಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಅನಾ ಹನಿ," ಅಂತು. ನಾನು ಇಲ್ಲಿದ್ದೇನೆ. ಮತ್ತೆ ಸುಮ್ಮನಾಯಿತು. ಆಮೇಲೆ ನೀರು ಬೇಕಾ ಅಂತ ಕೇಳಿತು. ಆಮೇಲೆ ಮತ್ತೆ, ಅನಾ ಹನಿ.

ಬಾಗಿಲು ತೆರೆದಾಗ ನನ್ನ ಕಣ್ಣು ಒದ್ದೆಯಾಗಿತ್ತು.

"ಅಯ್ಯೋ, ಇಷ್ಟು ಚೆನ್ನಾಗಿ ನಟಿಸ್ತೀರಾ!" ಅಂದರು. ಆಮೇಲೆ ಹತ್ತಿರದಿಂದ ನೋಡಿದರು. ನಗು ಅರ್ಧಕ್ಕೇ ನಿಂತಿತು. ಅವರ ಕೈ ಇನ್ನೂ ಬಾಗಿಲನ್ನು ಹಿಡಿದಿತ್ತು, ಬಿಟ್ಟರೆ ಮುಚ್ಚಿಕೊಳ್ಳುವ ಹಾಗೆ. ನಾನು ಅವರ ತೋಳಿನ ಕೆಳಗಿಂದ ನುಸುಳಿ ಓಡಿದೆ.

ಪರೀಕ್ಷೆಯ ದಿನ ನಾನು ಹಾಳೆ ಮಡಿಸಿದ್ದೆಲ್ಲ ಸೊಟ್ಟ. ಪಾಸಾಗಲಿ ಅಂತ ಒಂದು ಗಳಿಗೆ, ಆಗದಿರಲಿ ಅಂತ ಇನ್ನೊಂದು ಗಳಿಗೆ. ಎರಡನ್ನೂ ಒಂದೇ ದೇವರಿಗೆ ಹೇಳಿ ಆತನನ್ನೂ ಗೊಂದಲಕ್ಕೆ ಕೆಡವಿದೆ. ಮಾವ ಬೈದರು, "ಏನಾಗಿದೆ ಇವಳಿಗೆ?" ಅತ್ತೆ ಸೊಟ್ಟ ಹಾಳೆಗಳನ್ನು ಸುಮ್ಮನೆ ತಮ್ಮ ಕಡೆ ಎಳೆದುಕೊಂಡು ನೆಟ್ಟಗೆ ಮಾಡಿದರು.

ಸಂಜೆ ಅವರು ಬಂದರು. ಮುಖ ನೋಡಿಯೇ ಗೊತ್ತಾಯಿತು.

"ಆಯ್ತು!" ಅಂದರು. "ಕೇಳಿ ಮಾವ, ಮಜಾ ಕೇಳಿ. ಫೋನಲ್ಲಿ ಒಬ್ಬ ಹೆಂಗಸು. ಒಂದು ಸಲ ಹಲೋ ಅಂದವಳು ಆಮೇಲೆ ಉಸಿರೇ ಇಲ್ಲ. ನನಗಿಂತ ಮುಂಚೆ ಮಾತಾಡಿದವರೆಲ್ಲ, ಲೈನು ಕಟ್ಟಾಯ್ತು ಅಂತ ಗಾಬರಿಯಾಗಿ ಕಲಿತಿದ್ದನ್ನೆಲ್ಲ ಒಂದೇ ಸಮ ಒದರಿದ್ರಂತೆ. ನಾನು ಒಂದು ಮಾತು ಹೇಳಿ ಸುಮ್ನೆ ಕಾದೆ. ಇನ್ನೊಂದು ಹೇಳಿದೆ, ಕಾದೆ. ಕೊನೆಗೆ ಅವಳೇ ನಕ್ಕುಬಿಟ್ಟಳು. ಹೆದರಿದವರ ಹತ್ರ ಹೀಗೆ ಕಾಯೋಕೆ ಎಲ್ಲಿ ಕಲಿತಿರಿ ಅಂತ ಕೇಳಿದಳು."

"ನೀವೇನಂದ್ರಿ?" ಅಂದರು ಮಾವ.

"ನಮ್ಮೂರಲ್ಲಿ ಒಬ್ಬರಿದ್ದಾರೆ ಅಂದೆ."

ಮಾವ ಚಪ್ಪಾಳೆ ತಟ್ಟಿದರು. "ನೋಡಿದ್ಯೇನೇ, ಮಾತು ಬೆಳ್ಳಿ, ಮೌನ ಬಂಗಾರ!"

"ಬಂಗಾರನ ಪೆಟ್ಟಿಗೇಲಿಟ್ಟು ಕೂತ್ರೆ ಯಾರಿಗೆ ಬಂತು ಲಾಭ?" ಅಂದರು ಅತ್ತೆ, ನನ್ನ ಕಡೆ ನೋಡುತ್ತ.

ನನಗೆ ಕೂತಲ್ಲಿ ಕೂರಲಾಗಲಿಲ್ಲ. ಹಾಗಾದರೆ ನಾನು ಬಾಯಿ ಬಿಡದೆ ಕೂತ ಆ ಮಧ್ಯಾಹ್ನಗಳೇ ಅವರಿಗೆ ದಾರಿ ಮಾಡಿಕೊಟ್ಟವು. ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕಿಕೊಂಡಿದ್ದೆ, ಅದೂ ಮುತುವರ್ಜಿಯಿಂದ. ಅವರು ಬರುವ ವಾರವೇ ಹೊರಡಬೇಕಂತೆ, ಮೊದಲ ಸಲ ರಜೆ ಸಿಗುವುದು ಎರಡು ವರ್ಷಕ್ಕಂತೆ. ಮಾವನ ಕೈ ಕುಲುಕಿದರು. ಅತ್ತೆಗೆ ನಮಸ್ಕಾರ ಮಾಡಿದರು. ನನಗೆ ಏನು ಮಾಡಬೇಕು ಅಂತ ತೋಚದೆ, "ಬರ್ತೀನಿ," ಅಂದರು. ನಾನು ತಲೆಯಾಡಿಸಿದೆ.

ಅವರು ಮೆಟ್ಟಿಲಿಳಿದರು.

ತಲೆಯಾಡಿಸಿದ್ದಕ್ಕೆ ನನ್ನ ಮೇಲೆ ನನಗೇ ಬಂದ ಸಿಟ್ಟು ಎಂಥದ್ದೆಂದರೆ, ಚಪ್ಪಲಿ ಕೂಡ ಮೆಟ್ಟದೆ ಬೀದಿಗೆ ಬಂದುಬಿಟ್ಟೆ.

"ಲಿಫ್ಟ್ ಅವರೇ!"

ಹೆಸರು ಹಿಡಿದು ಕರೆಯುವ ಧೈರ್ಯ ಆಗಲೂ ಬರಲಿಲ್ಲ. ಬೀದಿಯಲ್ಲಿ ಹೋಗುತ್ತಿದ್ದವರೆಲ್ಲ ತಿರುಗಿದರು. ಅವರೂ ತಿರುಗಿದರು. ಹತ್ತಿರ ಬಂದರು. ನನ್ನ ಬರಿಗಾಲು ನೋಡಿ, ಬಿಸಿಲಿಗೆ ಕಾದ ನೆಲದಿಂದ ಗೋಡೆಯ ನೆರಳಿಗೆ ಸರಿದು ನಿಂತರು, ನಾನೂ ಅಲ್ಲಿಗೆ ಬರಲಿ ಅಂತ.

ಬಾಯಿ ತೆರೆದೆ. ಒಂದೂ ಮಾತಿಲ್ಲ. ಅರಬ್ಬಿಯಲ್ಲಿ ಹೇಳಿಬಿಡಲಾ ಅನ್ನಿಸಿತು. ಅಲ್ಲಿ ಎಲ್ಲಕ್ಕೂ ಉತ್ತರ ಬರೆದಿಟ್ಟಿರುತ್ತಾರೆ. ಆದರೆ ಇದು ಯಾವ ಪಾಠದ ಮಾತೂ ಅಲ್ಲ, ನನ್ನದು.

ಅವರು ನನ್ನ ಬೆರಳುಗಳ ಕಡೆ ನೋಟ ಇಳಿಸಿದರು. "ನಿಧಾನ," ಅಂದರು. "ನನಗೇನೂ ಅವಸರ ಇಲ್ಲ."

"ಇದೆ," ಅಂದೆ. "ಬರೋ ವಾರ ಹೊರಡ್ತೀರಲ್ಲ. ಅದಕ್ಕೇ ಹೇಳ್ತಿದೀನಿ. ಹೋಗಬೇಡಿ ಅನ್ನಲ್ಲ. ಹೋಗಿ, ಆ ಲಿಫ್ಟೆಲ್ಲ ಬಿಚ್ಚಿ ನೋಡಿ. ಆದ್ರೆ ನಾನು ಸುಮ್ನಿದೀನಿ ಅಂತ ನನಗೇನೂ ಇಲ್ಲ ಅಂದ್ಕೊಂಡು ಹೋಗಬೇಡಿ. ಇದೆ. ತುಂಬಾ ಇದೆ. ನಿಮ್ಮ ಜೊತೆ ಬದುಕಬೇಕು ನನಗೆ. ಇಲ್ಲಾದ್ರೂ ಸರಿ, ಅಲ್ಲಾದ್ರೂ ಸರಿ."

ಒಂದೇ ಉಸಿರಿಗೆ ಇಷ್ಟು ಮಾತು ನಾನು ಹುಟ್ಟಿದಂದಿನಿಂದ ಆಡಿರಲಿಲ್ಲ. ಅವರು ತಲೆಯೆತ್ತಿದರು. ಈ ಸಲ ನೇರ ನನ್ನ ಮುಖವನ್ನೇ ನೋಡಿದರು. ಮಾತಿಗೆ ತಡವರಿಸುವ ಸರದಿ ಈಗ ಅವರದಾಗಿತ್ತು. ಬಾಯಿ ತೆರೆದರು, ಮುಚ್ಚಿದರು, ಕಿವಿ ಕೆಂಪಾಯಿತು.

ಹಿಂದೆ ಅಂಗಡಿಯ ಬಾಗಿಲಲ್ಲಿ ಮಾವ, "ಏನಂತೆ, ಏನಂತೆ?" ಅನ್ನುತ್ತಿದ್ದರು. "ಶ್! ಸುಮ್ನಿರ್ರೀ," ಅಂತ ಅತ್ತೆ ಗದರಿದರು.

ನಾನು ಅವರ ಬೆರಳುಗಳನ್ನು ನೋಡುತ್ತ ಕಾದೆ.

"ನಾಳೆ ಅಮ್ಮನ್ನ ಕರ್ಕೊಂಡು ಬರ್ತೀನಿ," ಅಂದರು ಕೊನೆಗೆ. "ಹೊರಡೋದ್ರೊಳಗೆ ಮಾವನ ಹತ್ರ ಮಾತಾಡಿ, ಎಲ್ಲಾ ಗಟ್ಟಿ ಮಾಡ್ಕೊಂಡೇ ಹೋಗ್ತೀನಿ. ನಾಳೆ ಅಂದ್ರೆ ನಾಳೆನೇ."