ಬಾಗಿಲ ಹಿಂದೆ ಆಡಿದ ಮಾತು

"ಗುಲಾಬಿ ಹಿಡ್ಕೊಂಡು ಬಂದಿದ್ದೀಯಲ್ಲ ಮಾರಾಯ, ಹೆಣ್ಣು ಕೇಳೋಕೆ ಬಂದ್ಯೋ, ವೋಟು ಕೇಳೋಕೆ ಬಂದ್ಯೋ?"

ಬಾಗಿಲಲ್ಲಿ ನಿಂತಿದ್ದ ಗಂಡಸು ಕಕ್ಕಾಬಿಕ್ಕಿಯಾದ. ಎದೆ ಮೇಲೆ ಕಾರ್ಮಿಕರ ಪಕ್ಷದ ಬಿಲ್ಲೆ, ಕೈಯಲ್ಲಿ ಆ ಪಕ್ಷದ ಗುರುತಾದ ಕೆಂಪು ಗುಲಾಬಿ, ಕಾಲಲ್ಲಿ ಕಾರ್ಖಾನೆಯ ದಪ್ಪ ಬೂಟು.

"ವೋಟು... ಕೇಳೋಕೆ," ಅಂದ. ಕಿವಿ ಕೆಂಪಗಾಯಿತು.

"ಹಾಗಾದ್ರೆ ಹೊರಡು!"

ಯೋರಿಡ್ ಆಗಷ್ಟೇ ರಾತ್ರಿ ಪಾಳಿ ಮುಗಿಸಿ ಬಂದಿದ್ದಳು. ಇನ್ನೂ ಬಟ್ಟೆ ಕೂಡ ಬದಲಿಸಿರಲಿಲ್ಲ. ನಾರ್ವೆಯ ಆ ಸಣ್ಣ ಕಾರ್ಖಾನೆ ಊರಿನಲ್ಲಿ ಪುರಸಭೆ ನಡೆಸುವ ವೃದ್ಧರ ಮನೆ ಒಂದಿದೆ, ಫುರುಲಿಯಾ ಅಂತ. ಅಲ್ಲಿ ಅವಳು ದಾದಿ. ನಿದ್ದೆಗೆಟ್ಟ ಹೆಂಗಸಿನ ಮುಂದೆ ರಾಜಕೀಯ ಎತ್ತಿದರೆ ಕೇಳಬೇಕೇ!

"ನಮ್ಮಪ್ಪ ಸಾಯೋವರೆಗೂ ಈ ಪಕ್ಷಕ್ಕೆ ದುಡಿದ. ಮುದುಕರನ್ನ ನೋಡ್ಕೊಳ್ಳೋದು ಊರಿನ ಕೆಲಸ, ವ್ಯಾಪಾರ ಅಲ್ಲ ಅಂತ ಫುರುಲಿಯಾ ಕಟ್ಸಿದ್ದು ನೀವೇ. ಈಗ ಅದನ್ನ ಕಂಪನಿಗೆ ಕೊಡೋಕೆ ಹೊರಟಿರೋರೂ ನೀವೇ ಅಂತೆ. ನಮ್ಮಪ್ಪನ ಪಕ್ಷ ಎಲ್ಲಿ ಹೋಯ್ತು, ಹೇಳು ನೋಡೋಣ?"

ಅವನು ಭಾಷಣ ಬಿಗಿಯಲಿಲ್ಲ.

"ಗೊತ್ತಿಲ್ಲ," ಅಂದ. "ನಾನೂ ಹುಡುಕ್ತಾ ಇದ್ದೀನಿ... ಬೆಳಗ್ಗಿಂದ ಮನೆ ಮನೆ ತಿರುಗಿ ಕಾಲು ಬಿದ್ದುಹೋಗಿದೆ. ಎರಡು ನಿಮಿಷ ಮೆಟ್ಟಿಲ ಮೇಲೆ ಕೂತ್ಕೊಳ್ಲಾ?"

ಅಯ್ಯೋ ಪಾಪ, ಅನ್ನಿಸಿತು ಯೋರಿಡ್‌ಗೆ. ಕಾಫಿ ತಂದುಕೊಟ್ಟಳು. ಹೆಸರು ಹಾಲ್ವರ್, ಅಲ್ಯೂಮಿನಿಯಂ ಕಾರ್ಖಾನೆಯಲ್ಲಿ ಕೆಲಸ, ಹೆಂಡತಿ ಬಿಟ್ಟುಹೋಗಿ ವರ್ಷಗಳಾಗಿವೆ. ಅವಳು ಕೇಳದಿದ್ದರೂ ಎಲ್ಲ ಹೇಳಿದ. ಎದ್ದು ಹೋಗುವಾಗ ಇನ್ನೊಂದು ಮಾತನ್ನೂ ಹೇಳಿದ.

"ನಾನು ಪುರಸಭೆಗೆ ಗೆದ್ರೆ ಫುರುಲಿಯಾ ಕಂಪನಿ ಪಾಲಾಗೋಕೆ ಬಿಡಲ್ಲ."

ಯೋರಿಡ್ ನಂಬಿದಳು. ಬೇಡ ಬೇಡ ಅಂದುಕೊಂಡೇ ನಂಬಿದಳು. ವೋಟು ಹಾಕಿದಳು, ಅವನು ಗೆದ್ದ.

ಆಮೇಲೆ ಚಳಿಗಾಲ ಬಂತು. ಭಾನುವಾರ ಇಬ್ಬರೂ ಹಿಮದ ಮೇಲೆ ಜಾರುವ ಹಲಗೆಗಳನ್ನು ಕಾಲಿಗೆ ಕಟ್ಟಿಕೊಂಡು ಕಾಡಿಗೆ ಹೋಗುತ್ತಿದ್ದರು. ಬಂಡೆಯ ಮರೆಯಲ್ಲಿ ಕೂತು ಬ್ರೆಡ್ಡು, ಕಂದು ಚೀಸು ತಿನ್ನುತ್ತಾ ಪಕ್ಷದ ವಿಷಯಕ್ಕೆ ಜಗಳ ಆಡುತ್ತಿದ್ದರು.

"ನಿಮ್ಮೋರು ಓಸ್ಲೋದಲ್ಲಿ ಸೂಟು ಹಾಕ್ಕೊಂಡು ಮಾತಾಡೋದು ಕೇಳಿದ್ರೆ ಬ್ಯಾಂಕಿನೋರು ಅನ್ಕೋಬೇಕು!"

"ನಂದೂ ಒಂದು ಸೂಟಿದೆ ಕಣೆ."

"ಗೊತ್ತು. ಗುಂಡಿ ಹಾಕೋಕಾಗಲ್ಲ."

ಅವನು ನಗುತ್ತಿದ್ದ. ಆ ನಗು ನೋಡೋಕೆ ಅಂತಲೇ ಅವಳು ಜಗಳ ತೆಗೆಯುತ್ತಿದ್ದಳು. ಇಷ್ಟು ವಯಸ್ಸಾದ ಮೇಲೆ ಇದೆಲ್ಲ ಬೇಕಿತ್ತಾ ನಂಗೆ? ಬೇಕಿತ್ತು... ತುಂಬಾ ಬೇಕಿತ್ತು.

ಫೆಬ್ರವರಿಯಲ್ಲಿ ವಿಷಯ ಪುರಸಭೆಗೆ ಬಂತು. ಯೋರಿಡ್ ಸಾರ್ವಜನಿಕರ ಸಾಲಿನಲ್ಲಿ ಧೈರ್ಯವಾಗಿ ಕೂತಿದ್ದಳು. ಹಾಲ್ವರ್ ಇದ್ದಾನಲ್ಲ!

"ಫುರುಲಿಯಾವನ್ನು ಕಂಪನಿಗೆ ವಹಿಸುವುದಕ್ಕೆ ಪರವಾಗಿರುವವರು ಕೈ ಎತ್ತಿ."

ಪಕ್ಷದವರೆಲ್ಲ ಕೈ ಎತ್ತಿದರು. ಹಾಲ್ವರ್ ಮೇಜನ್ನೇ ನೋಡುತ್ತಿದ್ದ. ನಿಧಾನವಾಗಿ ಅವನ ಕೈಯೂ ಮೇಲೆದ್ದಿತು.

ಇಲ್ಲ... ಇದು ಸುಳ್ಳು! ಯೋರಿಡ್‌ಗೆ ಕೂತ ಕುರ್ಚಿ ಕುಸಿದಂತಾಯಿತು. ಹೊರಗೆ ಮೆಟ್ಟಿಲ ಬಳಿ ಅವನನ್ನು ಅಡ್ಡಗಟ್ಟಿದಳು.

"ಏನಿದು ಹಾಲ್ವರ್?"

"ನಮ್ಮ ಪಕ್ಷದ ಗುಂಪಿನ ತೀರ್ಮಾನ."

"ಗುಂಪಿನದು ಕೇಳ್ಲಿಲ್ಲ. ನಿಂದೇನು ಅಂತ ಕೇಳ್ದೆ!"

ಅವಳು ಕಾದಳು. ಏನಾದರೂ ಹೇಳೋ, ಒಂದು ಸುಳ್ಳಾದರೂ ಹೇಳೋ! ಅವನು ಹೇಳಲಿಲ್ಲ.

"ನನ್ನ ಮನೆ ಕಡೆ ಬರ್ಬೇಡ," ಅಂದಳು. ಅಳು ಬರುತ್ತದೆ ಅಂದುಕೊಂಡಿದ್ದಳು. ಬಂದದ್ದು ಬರೀ ಆಯಾಸ.

ಕಂಪನಿಯವರು ಅಳತೆ ಟೇಪು ಹಿಡಿದು ಬಂದರು. ಸ್ನಾನಕ್ಕೆಷ್ಟು ನಿಮಿಷ, ಊಟಕ್ಕೆಷ್ಟು ನಿಮಿಷ ಎಂದು ವಿಚಾರಿಸಿದರು. ಸುಮ್ಮನೆ ಹಾಸಿಗೆ ಪಕ್ಕ ಕೂತು ಕೈ ಹಿಡಿದುಕೊಳ್ಳುವುದು ಅವರ ಲೆಕ್ಕದಲ್ಲಿ ಎಲ್ಲೂ ಇರಲಿಲ್ಲ. ಯೋರಿಡ್ ಕೆಲಸಕ್ಕೆ ಹೋಗುತ್ತಿದ್ದಳು, ಬರುತ್ತಿದ್ದಳು, ಮಲಗುತ್ತಿದ್ದಳು.

ಒಂದು ಮಧ್ಯಾಹ್ನ ಫುರುಲಿಯಾದಲ್ಲಿದ್ದ ಬೋರ್ಗಿಲ್ಡಜ್ಜಿಯನ್ನು ನೋಡಲು ಮಗ ಟೋರ್ಮೋಡ್ ಬಂದ. ಅವನೂ ಪುರಸಭೆಯಲ್ಲಿ ಪಕ್ಷದ ಸದಸ್ಯನೇ, ಅವತ್ತು ಅಮ್ಮ ಇರುವ ಈ ಮನೆಯನ್ನು ಕಂಪನಿಗೆ ಕೊಡಲು ಕೈ ಎತ್ತಿದವನೇ. ಅಜ್ಜಿ ಮುಖ ತಿರುಗಿಸಿ ಕೂತಳು.

"ನನ್ನೊಬ್ಬನ ಮೇಲೆ ಯಾಕಮ್ಮ ಕೋಪ?" ಅಂತ ಟೋರ್ಮೋಡ್ ಗೋಗರೆದ. "ಪುರಸಭೆ ಹತ್ರ ದುಡ್ಡಿಲ್ಲ. ವೋಟಿನ ಹಿಂದಿನ ದಿನ ಪಕ್ಷದ ಗುಂಪಿನ ಸಭೇಲಿ ಹಾಲ್ವರ್ ಎಷ್ಟು ಕೂಗಾಡಿದ ಗೊತ್ತಾ? ನಿಮ್ಮಪ್ಪಂದಿರ ಗೋರಿ ಮುಂದೆ ಹೋಗಿ ಇದನ್ನ ಹೇಳ್ತೀರಾ ಅಂತ ಮೇಜು ಗುದ್ದಿದ. ಅವನೊಬ್ಬನೇ, ಉಳಿದೋರೆಲ್ಲ ಒಂದು ಕಡೆ. ಸೋತ ಮೇಲೆ ನಿಯಮದ ಪ್ರಕಾರ ನಮ್ಮ ಜೊತೆ ಕೈ ಎತ್ತಿದ. ಒಳಗಿನ ಮಾತು ಹೊರಗೆ ಹೇಳೋ ಹಾಗಿಲ್ಲ. ನಾನೂ ಹೇಳ್ಬಾರ್ದಿತ್ತು..."

ಪಕ್ಕದಲ್ಲೇ ಕಾಫಿ ಬಗ್ಗಿಸುತ್ತಿದ್ದ ಯೋರಿಡ್ ಎಲ್ಲ ಕೇಳಿಸಿಕೊಂಡಳು.

ಸಂಜೆ ಪಾಳಿ ಬಿಡುವ ಹೊತ್ತಿಗೆ ಅವಳು ಕಾರ್ಖಾನೆ ಗೇಟಿನಲ್ಲಿದ್ದಳು. ಹಾಲ್ವರ್ ಬಂದ. ಸೊರಗಿದ್ದ.

"ಯಾಕೆ ನಂಗೆ ಹೇಳ್ಲಿಲ್ಲ?"

"ಟೋರ್ಮೋಡ್ ಬಾಯ್ಬಿಟ್ನಾ?"

"ಮಾತು ಮರೆಸ್ಬೇಡ!"

ಅವನು ಉಸಿರುಬಿಟ್ಟ. "ನಮ್ಮ ತಾತಂದಿರ ಹತ್ರ ಏನಿತ್ತು ಯೋರಿಡ್? ಆಸ್ತಿ ಇರ್ಲಿಲ್ಲ, ಓದು ಇರ್ಲಿಲ್ಲ. ಇದ್ದಿದ್ದು ಒಗ್ಗಟ್ಟು. ಒಳಗೆ ಎಷ್ಟು ಬೇಕಾದ್ರೂ ಕಿತ್ತಾಡು, ಹೊರಗೆ ಒಟ್ಟಿಗೆ ನಿಲ್ಲು. ನಂಗೆ ಪಕ್ಷ ಅಂದ್ರೆ ಅದು. ಅದನ್ನೂ ಬಿಟ್ರೆ ಇನ್ನೇನು ಉಳಿಯುತ್ತೆ?"

ಅವನು ಸುಳ್ಳು ಹೇಳುತ್ತಿರಲಿಲ್ಲ. ಕಷ್ಟ ಇದ್ದದ್ದೇ ಅಲ್ಲಿ. ಅವಳ ಅಪ್ಪ ಬದುಕಿದ್ದರೆ ಹೌದೆಂದು ತಲೆಯಾಡಿಸುತ್ತಿದ್ದ.

"ತಾತಂದಿರು ಒಟ್ಟಿಗೆ ನಿಂತ್ರು, ಸರಿ. ಆದ್ರೆ ಯಾರ ಎದುರು? ಅವರು ಮಾಲೀಕನ ಎದುರು ಕೈ ಎತ್ತಿದ್ರು. ನೀವು ಹಾಸಿಗೆ ಬಿಟ್ಟು ಏಳೋಕಾಗದೋರ ಮೇಲೆ ಎತ್ತಿದ್ರಿ. ನೀನು ಆ ಮುದುಕರ ಪರವಾಗಿ ಮಾತಾಡಿದ್ದು ಬಾಗಿಲು ಹಾಕ್ಕೊಂಡು. ಕೈ ಎತ್ತಿದ್ದು ಮಾತ್ರ ಊರೆಲ್ಲ ನೋಡೋ ಹಾಗೆ!"

ಹಾಲ್ವರ್ ಗೇಟಿನ ಕಂಬಕ್ಕೆ ಒರಗಿದ. ಜೊತೆಯವರು ಇಬ್ಬರನ್ನೂ ನೋಡಿಕೊಂಡು ದಾಟಿಹೋದರು.

"ತೀರ್ಮಾನ ಆಗಿಹೋಯ್ತು. ಈಗ ನಾನೇನ್ಮಾಡ್ಲಿ?"

"ನಂಗೊಬ್ಬಳಿಗೆ ತಿಳಿದ್ರೆ ಸಾಲದು. ಫುರುಲಿಯಾಗೆ ಬಂದು ಅವರ ಮುಖ ನೋಡಿ ಹೇಳು."

"ಹೊರಗೆ ಹೇಳಿದ್ರೆ ಗುಂಪಿಂದ ತೆಗೀತಾರೆ."

"ತೆಗೀಬಹುದು," ಅಂದಳು. ಅವನನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ತಬ್ಬಿಕೊಳ್ಳದೆ ಹೊರಟಳು. ಬರ್ತಾನಾ? ಬರದಿದ್ದರೆ ಮುಗೀತು.

ಭಾನುವಾರ ಫುರುಲಿಯಾದಲ್ಲಿ ಎಲ್ಲರೂ ಕಾಫಿಗೆ ಕೂತಿದ್ದಾಗ ಬಾಗಿಲು ತೆರೆಯಿತು. ಹಾಲ್ವರ್! ಟೊಪ್ಪಿಯನ್ನು ಕೈಯಲ್ಲಿ ಹಿಂಡುತ್ತಾ ನಡುಕೋಣೆಯಲ್ಲಿ ನಿಂತ.

"ನಿಮ್ಮನ್ನ ಕಂಪನಿಗೆ ಕೊಡೋಕೆ ನಾನು ಕೈ ಎತ್ತಿದೆ," ಅಂದ. "ಅದು ತಪ್ಪು ಅಂತ ಗೊತ್ತಿದ್ದೂ ಎತ್ತಿದೆ. ನನ್ನ ಪಕ್ಷ ತಾನು ಹುಟ್ಟಿದ್ದು ಯಾತಕ್ಕೆ ಅನ್ನೋದನ್ನ ಮರೀತಾ ಇದೆ. ಸುಮ್ಮನಿದ್ದು ನಾನೂ ಮರೆಸೋಕೆ ಕೈ ಜೋಡಿಸ್ದೆ. ಈ ಮಾತನ್ನ ಮುಂದಿನ ಸಭೇಲಿ ಎಲ್ಲರೆದುರೂ ಹೇಳ್ತೀನಿ. ಅದರಿಂದ ನಿಮ್ಮ ಮನೆ ವಾಪಸ್ ಬರಲ್ಲ. ಆದ್ರೂ ಮೊದಲು ನಿಮಗೆ ಹೇಳ್ಬೇಕಿತ್ತು."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಬ್ಬ ಮುದುಕ ಎದ್ದು ತನ್ನ ಕೋಣೆಗೆ ಹೋಗಿ ಕದ ಹಾಕಿಕೊಂಡ. ಹಾಲ್ವರ್ ತಲೆ ತಗ್ಗಿಸಿದ.

ಬೋರ್ಗಿಲ್ಡಜ್ಜಿ ಪಕ್ಕದ ಕುರ್ಚಿಯನ್ನು ಅವನ ಕಡೆ ಸರಿಸಿದಳು. "ತಡ ಮಾಡ್ಬಿಟ್ಟೆ ನೀನು," ಅಂದಳು. "ನನ್ನ ಮಗ ಇಷ್ಟು ಹೇಳೋಕೂ ಇನ್ನೂ ಬಂದಿಲ್ಲ. ಕೂತ್ಕೊ, ಕಾಫಿ ಆರುತ್ತೆ."

ಕಾಫಿ ಮುಗಿಸಿ ಅವನು ಬಾಗಿಲೆಳೆದುಕೊಂಡು ಹೊರಗಿನ ಹಜಾರಕ್ಕೆ ಬಂದಾಗ ಯೋರಿಡ್ ಅಲ್ಲಿ ಗೋಡೆಗೆ ಒರಗಿ ನಿಂತಿದ್ದಳು. ಕಣ್ಣು ತುಂಬಿತ್ತು.

"ಸುಸ್ತಾಗಿದೆ ಕಣೆ," ಅಂದ.

"ನಂಗೂ."

"ಪಕ್ಷ ಬಿಟ್ಟುಬಿಡ್ಲಾ?"

"ಬಿಟ್ಟು?"

"ನಿನ್ನ ಹತ್ರ ಬರ್ತೀನಿ."

"ನನ್ನ ಹತ್ರ ಬರೋಕೆ ಏನನ್ನೂ ಬಿಡ್ಬೇಕಾಗಿಲ್ಲ. ಅವರೇ ಹೊರಗೆ ಹಾಕೋವರೆಗೂ ಇರು, ಕೂಗಾಡು." ಅವಳು ಅವನ ಒರಟು ಕೈಯನ್ನು ಹಿಡಿದುಕೊಂಡಳು. "ಆದ್ರೆ ನಮ್ಮನೇಲಿ ಗುಂಪಿನ ತೀರ್ಮಾನ ನಡೆಯಲ್ಲ. ನಿಂಗೇನನ್ಸುತ್ತೋ ಅದನ್ನ ಹೇಳ್ಬೇಕು."

"ಈಗ್ಲೇ ಹೇಳ್ಲಾ?"

"ಹೂಂ."

"ನೀನಿಲ್ದೆ ನನ್ಕೈಲಿ ಆಗಲ್ಲ," ಅಂದ, ಪಿಸುಮಾತಿನಲ್ಲಿ.

ಯೋರಿಡ್ ಕೈ ಚಾಚಿ ನಡುಕೋಣೆಯ ಬಾಗಿಲನ್ನು ಪೂರ್ತಿ ತೆರೆದಳು. ಒಳಗಿದ್ದವರೆಲ್ಲ ಬಟ್ಟಲು ಕೆಳಗಿಟ್ಟು ಇತ್ತ ತಿರುಗಿದರು.

"ಈಗ ಹೇಳು," ಅಂದಳು.