ಭಾಗ್ಯಜ್ಯೋತಿಯ ಎಡಗಾಲು

"ತುಳಿ ಬೇ, ಯಾಕ ನಿಂತಿ?" ಎಂದಳು ಆಯಿ.

ಭಾಗ್ಯಜ್ಯೋತಿ ನಿಂತೇ ಇದ್ದಳು. ಮಂಚದ ಮೇಲೆ ಅಣ್ಣ ಗುರುಶಾಂತ ಬೋರಲಾಗಿ ಮಲಗಿದ್ದ. ಅವನ ಎಡತೊಡೆಯ ಹಿಂಭಾಗಕ್ಕೆ ಅವರ ಅಜ್ಜಿ, ಅಂದರೆ ಆಯಿ ಗುರುಬಾಯಿ, ಬಿಸಿ ಎಣ್ಣೆ ತಿಕ್ಕಿ ಮುಗಿಸಿದ್ದಳು. ಇನ್ನು ಉಳಿದದ್ದು ಭಾಗ್ಯಜ್ಯೋತಿಯ ಕೆಲಸ.

ಅವಳು ಹುಟ್ಟುವಾಗ ತಲೆಯ ಬದಲು ಕಾಲು ಮೊದಲು ಬಂದಿತ್ತಂತೆ. ಹಾಗೆ ಹುಟ್ಟಿದವರು ತುಳಿದರೆ ಎಂಥ ಉಳುಕಾದರೂ ಬಿಡುತ್ತದೆ ಎಂದು ಜೇವರ್ಗಿಯ ಆ ಓಣಿಯಲ್ಲಿ ಎಲ್ಲರ ನಂಬಿಕೆ. ಸೊಂಟ ಹಿಡಿದವರು ಬಂದು ಅಂಗಳದಲ್ಲಿ ಬೋರಲು ಮಲಗುತ್ತಿದ್ದರು. ಅವಳು ಎಡಗಾಲಿನಿಂದ ಮೂರು ಸಲ ತುಳಿಯುತ್ತಿದ್ದಳು. ಅವರು ಎದ್ದು, ಮೈ ಅತ್ತಿತ್ತ ತಿರುಗಿಸಿ ನೋಡಿ, "ಹಗುರಾತು ನೋಡವಾ" ಎಂದು ಚಾಕಲೇಟು ಕೊಟ್ಟು ಹೋಗುತ್ತಿದ್ದರು. ಗಣಿತದಲ್ಲಿ ಸದಾ ಹಿಂದೆ ಬೀಳುವ ಹುಡುಗಿಗೆ ಇದೊಂದು ವಿಷಯದಲ್ಲಿ ಮಾತ್ರ ಜಂಬವೋ ಜಂಬ.

ಆದರೆ ಇದು ಅಣ್ಣನ ಕಾಲು. ಗೋವಾದ ಫುಟ್‌ಬಾಲ್ ಕ್ಲಬ್ಬಿನಲ್ಲಿ ಲೆಫ್ಟ್ ವಿಂಗರ್ ಆಗಿ ಆಡುವ ಕಾಲು. ಮೈದಾನದ ಎಡ ಅಂಚಿನಲ್ಲಿ ಅವನು ಚೆಂಡು ಹಿಡಿದು ಓಡತೊಡಗಿದರೆ ಹಿಂದೆ ಬಿದ್ದವರಿಗೆ ಅವನ ಬೆನ್ನಷ್ಟೇ ಕಾಣುತ್ತಿತ್ತು. ಅವನ ಮೊದಲ ಮ್ಯಾಚನ್ನು ಇಡೀ ಓಣಿ ಒಂದೇ ಫೋನಿಗೆ ಮುಗಿಬಿದ್ದು ನೋಡಿತ್ತು. ಅದಾದ ಸ್ವಲ್ಪ ದಿನಕ್ಕೇ ಓಡುತ್ತಿರುವಾಗ ತೊಡೆಯ ಸ್ನಾಯು ಹರಿಯಿತು.

ಊರಿಗೆ ಕಳಿಸುವಾಗ ಕ್ಲಬ್ಬಿನ ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು: ಓಡಬೇಡ, ತಿಕ್ಕಿಸಬೇಡ, ಸುಮ್ಮನಿರು. ದೀಪಾವಳಿ ಮುಗಿದ ಮೇಲೆ ಟೆಸ್ಟ್. ಪಾಸಾದರೆ ಮುಂದಿನ ವರ್ಷವೂ ಕ್ಲಬ್ಬಿನಲ್ಲಿ ಇರುತ್ತಾನೆ. ಇಲ್ಲವಾದರೆ ಇಲ್ಲ.

"ಅಣ್ಣಾ, ಡಾಕ್ಟರ್ ಬ್ಯಾಡ ಅಂದಾರಲ್ಲ?"

"ಅವರು ಸಾವಕಾಶ ಆಗ್ತದ ಅಂತಾರ. ಅಲ್ಲಿ ನನ್ನ ಜಾಗಾದಾಗ ಬ್ಯಾರೆ ಹುಡುಗ ಆಡಾಕತ್ತಾನ. ಆಗ್ಲೇ ಎರಡು ಗೋಲ್ ಹೊಡದಾನ," ಎಂದ ಗುರುಶಾಂತ, ದಿಂಬಿನಿಂದ ಮುಖ ಎತ್ತದೆ. "ತುಳಿ ನೀ. ಹೋದ ವರ್ಷ ನನ್ನ ಸೊಂಟ ನೀನೇ ಬಿಡಸಿದ್ದಿ, ಮರ್ತಿಯೇನು?"

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಹತ್ತೊಂಬತ್ತು ವರ್ಷದ ಗುರುಶಾಂತನಿಗೆ ಆ ದಿನ ಸಿಕ್ಕ ಹುಲ್ಲುಕಡ್ಡಿ ತಂಗಿಯ ಕಾಲು.

ಅವಳು ಮೆಲ್ಲಗೆ ಒಮ್ಮೆ ತುಳಿದಳು. ಇನ್ನೊಮ್ಮೆ ತುಳಿದಳು.

"ಬೆಕ್ಕಿನಂಗ ಕಾಲಿಡಬ್ಯಾಡ. ಜೋರ್ ತುಳಿ!" ಎಂದಳು ಆಯಿ.

ಮೂರನೆಯ ಸಲ ಅವಳು ಮೈಭಾರವನ್ನೆಲ್ಲ ಹಿಮ್ಮಡಿಗೆ ಹಾಕಿದಳು. ಕೆಳಗೆ ಏನೋ ಸರಕ್ಕನೆ ಜಾರಿತು. ಅಣ್ಣ ಕೂಗಲಿಲ್ಲ, ದಿಂಬನ್ನು ಕಚ್ಚಿ ಹಿಡಿದ. ಅವನ ಬೆನ್ನೆಲ್ಲ ಬೆವರಿತು.

"ಬಿಡ್ತೇನಪಾ?" ಎಂದು ಆಯಿ ಕೇಳಿದಳು.

"ಹೂಂ ಆಯಿ," ಎಂದ ಅವನು. ಆ ಧ್ವನಿ ಅವನದೇ ಅಲ್ಲವೇನೋ ಎನ್ನುವಂತಿತ್ತು.

ಮರುದಿನ ಬೆಳಿಗ್ಗೆ ಅವನ ತೊಡೆಯ ಹಿಂದೆ ನೇರಳೆ ಹಣ್ಣಿನ ಬಣ್ಣ ಬಂದಿತ್ತು. ಕಾಲು ನೆಲಕ್ಕೆ ಊರಲಾಗಲಿಲ್ಲ. ಅಪ್ಪ ಅವನನ್ನು ಕಲಬುರಗಿಗೆ ಕರೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದರು. ಸ್ವಲ್ಪ ಹರಿದಿದ್ದ ಸ್ನಾಯು ಈಗ ಬಹಳ ಹರಿದಿತ್ತು.

ಸಂಜೆ ಕೋಚ್ ಫೋನ್ ಮಾಡಿದರು. ಅಣ್ಣ ಮಂಚದ ಮೇಲೆ ಕುಳಿತು ಮಾತಾಡಿದ. ಪಕ್ಕದಲ್ಲಿ ಆಯಿ ಮೆಂತೆ ಸೊಪ್ಪು ಸೋಸುತ್ತಿದ್ದಳು. ಆಯಿಗೆ ಹಿಂದಿ ಬಾರದು. ಭಾಗ್ಯಜ್ಯೋತಿಗೆ ಬರುತ್ತಿತ್ತು. ಪಕ್ಕದ ಮನೆಯ ಜಮೀರನ ಜೊತೆ ಆಡಿ ಬೆಳೆದವಳಲ್ಲವೇ!

"ದೌಡ್ಯಾ ಸರ್. ಮೇರಿಚ್ ಗಲತಿ," ಎಂದ ಅಣ್ಣ.

ಓಡಿದೆ ಸರ್, ತಪ್ಪು ನನ್ನದೇ. ಓಡಿದ್ದೆಲ್ಲಿ? ಬಚ್ಚಲಿಗೂ ಗೋಡೆ ಹಿಡಿದು ಹೋಗುತ್ತಿದ್ದನಲ್ಲ! ಅವಳು ಬಾಯಿ ತೆರೆದಳು. ಅಣ್ಣ ಅವಳನ್ನೇ ನೋಡುತ್ತ ತುಟಿಯ ಮೇಲೆ ಬೆರಳಿಟ್ಟ.

ಕೋಚ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹೇಳಿದ ಮಾತು ಕೇಳದವನು ನಮ್ಮ ಟೀಮಿಗೆ ಬೇಡ, ಟೆಸ್ಟಿಗೂ ಬರಬೇಡ ಎಂದು ಹೇಳಿ ಫೋನ್ ಇಟ್ಟರು. ಪ್ರತಿಯೊಂದು ಮಾತೂ ಅವಳಿಗೆ ಕೇಳಿಸಿತು.

"ಏನಂದ್ರೋ ನಿಮ್ಮ ಸರ್?" ಎಂದಳು ಆಯಿ.

"ಆರಾಮ್ ತೊಗೊ ಅಂದ್ರು ಆಯಿ."

"ಛಲೋ ಮನಷ್ಯಾ ಅದಾನ ನೋಡು," ಎಂದು ಆಯಿ ಮತ್ತೆ ಸೊಪ್ಪಿಗೆ ಕೈ ಹಾಕಿದಳು.

ಗೋವಾದಿಂದ ಅಣ್ಣನ ಬ್ಯಾಗು ಬಸ್ಸಿನಲ್ಲಿ ಬಂತು. ಬೂಟು, ನೀಲಿ ಜರ್ಸಿ, ಒಂದು ಹಳೆಯ ಚೆಂಡು. ಅವನು ಜರ್ಸಿಯನ್ನು ಬಿಚ್ಚಿಯೂ ನೋಡಲಿಲ್ಲ. ಯಾರು ಮಾತಾಡಿಸಿದರೂ ಹೂಂ, ಹೂಂ, ಅಷ್ಟೇ.

ಒಂದು ಮಧ್ಯಾಹ್ನ ಹಿಂದಿನ ಓಣಿಯ ಚಂದಪ್ಪ ಸೊಂಟಕ್ಕೆ ಕೈಕೊಟ್ಟು, ಬಾಗಿಕೊಂಡೇ ಬಂದ.

"ಅವ್ವಾ, ಮೊಮ್ಮಗಳು ಅದಾಳೇನ್ರಿ? ತೊಗರಿ ಚೀಲ ಎತ್ತಾಕ ಹೋಗಿ ಸೊಂಟ ಹಿಡದದ."

"ಭಾಗ್ಯಾ, ಬಾ ಬೇ!" ಆಯಿ ಆಗಲೇ ಎಣ್ಣೆಯ ಬಟ್ಟಲು ಹಿಡಿದಿದ್ದಳು.

ಭಾಗ್ಯಜ್ಯೋತಿ ಹೊಸ್ತಿಲ ತನಕ ಬಂದು ನಿಂತಳು. ಚಂದಪ್ಪ ಮಲಗಲು ಅಂಗಳದಲ್ಲಿ ಟವೆಲ್ ಹಾಸುತ್ತಿದ್ದ.

"ನಾ ತುಳಿಯಂಗಿಲ್ರಿ ಕಾಕಾ. ದವಾಖಾನಿಗೆ ಹೋಗ್ರಿ."

"ಯಾಕವಾ? ನಿನ್ನ ಕಾಲಿನ ಗುಣ ದೊಡ್ಡದದ..."

"ನನ್ನ ಕಾಲು ಬರೇ ಕಾಲ್ರಿ ಕಾಕಾ."

ಆಯಿ ಬೈಯಲು ಬಾಯಿ ತೆರೆದಳು. ಆದರೆ ಮೊಮ್ಮಗಳ ಮುಖ ನೋಡಿದಳು. ಆಮೇಲೆ ಒಳಗೆ ಮಂಚದ ಮೇಲೆ ಕಾಲು ಚಾಚಿ ಕುಳಿತಿದ್ದ ಮೊಮ್ಮಗನನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಬಟ್ಟಲನ್ನು ಒಯ್ದು ಗೂಡಿನಲ್ಲಿ ಇಟ್ಟವಳು ಅಲ್ಲೇ ಗೋಡೆಗೆ ಮುಖ ಮಾಡಿ ನಿಂತುಬಿಟ್ಟಳು.

ಚಂದಪ್ಪ ಟವೆಲ್ ಮಡಚಿಕೊಂಡು ಹೋದ ಮೇಲೆ ಭಾಗ್ಯಜ್ಯೋತಿ ಒಳಗೆ ಬಂದು, ಮಂಚದ ತುದಿಯಲ್ಲಿ ಕುಳಿತು ಎರಡೂ ಕಾಲನ್ನು ಫ್ರಾಕಿನ ಕೆಳಗೆ ಅಡಗಿಸಿಕೊಂಡಳು.

"ಎಡಗಾಲು ತೆಗಿ," ಎಂದ ಅಣ್ಣ.

"ಬ್ಯಾಡ."

"ತೆಗೀ ಅಂದ್ರ." ಅವನು ಹಳೆಯ ಚೆಂಡನ್ನು ನೆಲಕ್ಕೆ ಬಿಟ್ಟ. "ಬೆರಳಿಲೆ ಅಲ್ಲ, ಪಾದದ ಮಗ್ಗಲಿಲೆ ಹೊಡಿ. ಮೆತ್ತಗ."

ಅವಳು ಇಳಿದು ಹೊಡೆದಳು. ಚೆಂಡು ಗೋಡೆಗೆ ತಾಗಿ, ಬಾಗಿಲು ದಾಟಿ ಅಂಗಳಕ್ಕೆ ಹಾರಿತು. ಅಣ್ಣ ಅದರ ಹಿಂದೆ ಓಡಲೆಂದು ಥಟ್ಟನೆ ಎದ್ದ. ಅರ್ಧಕ್ಕೇ ಮುಖ ಕಿವುಚಿ ಮಂಚ ಹಿಡಿದು ಕುಳಿತ.

ಇಬ್ಬರೂ ಬಾಗಿಲ ಕಡೆ ನೋಡಿದರು.

"ನಾ ತರ್ತೇನಿ," ಎಂದಳು ಭಾಗ್ಯಜ್ಯೋತಿ. ಓಡಿ ಹೋಗಿ ತಂದು, ಚೆಂಡನ್ನು ಅವನ ಕೈಗೆ ಕೊಟ್ಟಳು.